ಚೀಟಿಯಲ್ಲಿರುವ ಅಂಕಿಗಳನ್ನು ಓದಿ
(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನೀವು ಸಂಘಕ್ಕೆ ಹಾಲು ಹಾಕಿದಾಗ ಯಂತ್ರದಿಂದ ಒಂದು ಸಣ್ಣ ಚೀಟಿ ಬರುತ್ತದೆ. ಕೆಲವೆಡೆ ಅದೇ ವಿವರ ಮೊಬೈಲಿಗೂ ಬರುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಹಣದ ಮೊತ್ತ ನೋಡಿ ಚೀಟಿಯನ್ನು ಜೇಬಿಗಿಡುತ್ತೀರಿ. ಅದರಲ್ಲಿರುವ ಜಿಡ್ಡು ಮತ್ತು ಜಿಡ್ಡೇತರ ಘನಾಂಶ, ಅಂದರೆ ಎಸ್.ಎನ್.ಎಫ್., ಇವೆರಡನ್ನೂ ಓದಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದು ಹಳ್ಳಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ಒಂದೇ ಹಸು ಸಾಕಿದ ತಾಯಿಯೊಬ್ಬರ ಹಾಲಿನಲ್ಲಿ 8.5 ಇದ್ದ ಎಸ್.ಎನ್.ಎಫ್. ಒಂದು ವಾರದಲ್ಲಿ 8.0ಕ್ಕೆ ಇಳಿಯಿತು. ‘ನೀರು ಬೆರೆಸುತ್ತಾಳೆ’ ಎಂದು ಸಾಲಿನಲ್ಲಿ ನಿಂತವರು ಪಿಸುಗುಟ್ಟಿದರು. ಆಕೆ ನಾಚಿಕೆಯಿಂದ ಸಂಘಕ್ಕೆ ಬರುವುದನ್ನೇ ಬಿಟ್ಟು ಮಗನ ಕೈಲಿ ಹಾಲು ಕಳಿಸತೊಡಗಿದರು. ಆದರೆ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವುಗಳನ್ನು ಸಾಲಾಗಿ ಜೋಡಿಸಿ ನೋಡಿದೆ. ಹಸುವಿನ ನಾಲ್ಕೂ ಮೊಲೆಗಳ ಹಾಲನ್ನು ಸಿ.ಎಂ.ಟಿ. ದ್ರಾವಣದಿಂದ ಪರೀಕ್ಷಿಸಿದಾಗ ಎರಡು ಮೊಲೆಗಳ ಹಾಲು ಲೋಳೆಯಾಯಿತು. ಅದು ಗುಪ್ತ ಕೆಚ್ಚಲು ಬಾವು. ಈ ರೋಗದಲ್ಲಿ ಹಾಲಿನ ಸಕ್ಕರೆ ಅಂಶ ಕಡಿಮೆಯಾಗಿ ಎಸ್.ಎನ್.ಎಫ್. ಇಳಿಯುತ್ತದೆ. ತಪ್ಪು ಆಕೆಯದಲ್ಲ. ನೋಡುವ ಕಣ್ಣಿದ್ದರೆ ಚೀಟಿಯೇ ಮೊದಲೇ ಎಚ್ಚರಿಸಿತ್ತು.

ಹೊಟ್ಟೆಗೆ ಸಾಲದ ಮೇವು ಕೊಟ್ಟರೂ ಎಸ್.ಎನ್.ಎಫ್. ಇಳಿಯುತ್ತದೆ. ಹಿಂಡಿ ಹೆಚ್ಚಾಗಿ, ನಾರಿನ ಮೇವು ಕಡಿಮೆಯಾದರೆ ಜಿಡ್ಡು ಇಳಿಯುತ್ತದೆ. ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು. ಆದ್ದರಿಂದ ಪೂರ್ತಿ ಕರೆಯಿರಿ. ಯಂತ್ರವೂ ತಪ್ಪಬಹುದು. ಅದನ್ನು ದಿನವೂ ತೊಳೆಯಬೇಕು, ಆಗಾಗ್ಗೆ ಸರಿಹೊಂದಿಸಬೇಕು, ಮಾದರಿ ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕಬೇಕು. ಜಿಡ್ಡಿನ ಬಗ್ಗೆ ಅನುಮಾನ ಬಂದರೆ ಗರ್ಬರ್ ಪರೀಕ್ಷೆ ಮಾಡಿಸಲು ಕೇಳಿ.

ಇನ್ನು ಗ್ರಾಹಕರ ಮಾತು. ಪ್ಯಾಕೆಟ್ಟಿನ ಹಾಲು ಒಡೆದರೆ ಇಂದು ಪಟ್ಟಣದ ಮನೆಯಾಕೆ ಅದರ ಚಿತ್ರ ತೆಗೆದು ಮೊಬೈಲಿನಲ್ಲೇ ದೂರು ಕೊಡುತ್ತಾರೆ. ಪ್ಯಾಕೆಟ್ಟಿನ ಮೇಲಿನ ಸಂಖ್ಯೆಯಿಂದ ಯಾವ ದಿನದ, ಯಾವ ತಂಡದ ಹಾಲೆಂದು ಡೇರಿ ಪತ್ತೆ ಮಾಡಬಹುದು. ಆದರೆ ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಹಾಲು ನೂರಾರು ಮನೆಗಳ ಹಾಲಿನೊಂದಿಗೆ ಬೆರೆತಿರುತ್ತದೆ. ಯಾವ ಹಸುವಿನದೆಂದು ಆಗ ಹೇಳಲಾಗದು. ತಪ್ಪನ್ನು ತಡೆಯಬೇಕಾದ ಜಾಗ ನಿಮ್ಮ ಕೊಟ್ಟಿಗೆ ಮತ್ತು ಸಂಘದ ಬಾಗಿಲು.

ಇನ್ನೊಂದು ಮಾತು ನೆನಪಿಡಿ. ಹಾಲಿನಲ್ಲಿ ಔಷಧದ ಅಂಶ ಉಳಿದಿದ್ದರೆ ಸಂಘದ ಈ ಸಾಮಾನ್ಯ ಯಂತ್ರಕ್ಕೆ ಅದು ಕಾಣುವುದಿಲ್ಲ. ಆದರೆ ಗ್ರಾಹಕರ ಮನೆಯಲ್ಲಿ ಮೊಸರು ಹೆಪ್ಪುಗಟ್ಟದೆ ಹೋಗಬಹುದು. ಆದ್ದರಿಂದ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ. ಆ ತಾಯಿ ನಷ್ಟ ಸಹಿಸಿಯೂ ಹಾಗೆಯೇ ಮಾಡಿದರು. ಹಸು ಗುಣವಾದ ಮೇಲೆ ಎಸ್.ಎನ್.ಎಫ್. ಮತ್ತೆ ಏರಿತು. ಈಗ ಅವರೇ ಕ್ಯಾನು ಹಿಡಿದು ಸಂಘಕ್ಕೆ ಬರುತ್ತಾರೆ.

ಇಂದಿನಿಂದ ಚೀಟಿಗಳನ್ನು ಒಂದು ದಾರಕ್ಕೆ ಪೋಣಿಸಿಡಿ. ಮೂರು ದಿನ ಒಂದೇ ಸಮನೆ ಅಂಕಿ ಇಳಿದರೆ ಪಶುವೈದ್ಯರನ್ನು ಕರೆಯಿರಿ. ನೆರೆಯವರ ಅಂಕಿ ಇಳಿದರೆ ಆಡಿಕೊಳ್ಳುವ ಮೊದಲು ಅವರ ಹಸುವನ್ನು ನೋಡಿ.