ಹಳೆ ಫೈಲು ಕಾಯುವವರು



ಜಮೀನಿನ ವ್ಯಾಜ್ಯ ಬಂತೆಂದರೆ ವಕೀಲರ ಮನೆಗೆ ಓಡುತ್ತೇವೆ. ಅಜ್ಜನ ಕಾಲದ ದಾಖಲೆಯೇ ಸಿಗದಿದ್ದರೆ ಅವರಾದರೂ ಏನು ಮಾಡಿಯಾರು? ಅದನ್ನು ಉಳಿಸಿಟ್ಟವರನ್ನು ಮಾತ್ರ 'ಹಳೆ ಫೈಲು ಕಾಯುವವರು' ಅಂದುಬಿಡುತ್ತೇವೆ.

ಅವರ ಕೆಲಸ ಏನೆಂದು ತಿಳಿಯಲು, ಹಳೆ ದಾಖಲೆಗಳನ್ನು ಕಾಪಾಡುವ ಪತ್ರಾಗಾರದಲ್ಲಿ ದುರಸ್ತಿ ಮೇಜಿನ ಬಳಿ ನಿಂತು ನೋಡಬೇಕು. ಮುಟ್ಟಿದರೆ ಪುಡಿಯಾಗುವ ಹಾಳೆ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದು, ಶಾಯಿ ನೀರಿಗೆ ಹರಡುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷಿಸುತ್ತಾರೆ. ಕಾಗದದ ಆಮ್ಲೀಯತೆ ಕಳೆದು, ತೆಳ್ಳನೆ ಟಿಶ್ಯೂ ಕಾಗದವನ್ನು ಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಮುಂದೆ ಬೇಕೆಂದರೆ ಬಿಡಿಸಲು ಬರುವಂಥ ಅಂಟೇ ಆಗಬೇಕು! ಇನ್ನು ಹಳೆ ದಾಖಲೆಗಳ ಮೋಡಿ ಲಿಪಿ ಓದುವುದು, ಯಾವ ಕಡತ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಇದಕ್ಕಿಂತ ಕಷ್ಟ.

ನಮ್ಮ ರಾಷ್ಟ್ರೀಯ ಪತ್ರಾಗಾರ ಹುಟ್ಟಿದ್ದು 1891ರಲ್ಲಿ, ಕಲ್ಕತ್ತೆಯಲ್ಲಿ. ಈಗ ದೆಹಲಿಯಲ್ಲಿದೆ, ಈ ವಿದ್ಯೆ ಕಲಿಸುವ ಶಾಲೆಯನ್ನೂ ನಡೆಸುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಂತೆ, ಕೇಂದ್ರದ ಕಚೇರಿಯ ದಾಖಲೆಯನ್ನು ನಿಯಮ ಮೀರಿ ನಾಶಮಾಡಿದರೆ 5 ವರ್ಷದವರೆಗೆ ಸೆರೆವಾಸವಾಗಬಹುದು. ಆದರೆ ಕಚೇರಿಯ ದಾಖಲೆಗಳ ಹೊಣೆ ಹೊರುವ ದಾಖಲೆ ಅಧಿಕಾರಿಯ ಬಗ್ಗೆ ಅದೇ ಕಾಯ್ದೆ ಹೇಳುವುದೇನು? ಕಚೇರಿ ತನ್ನ ಅಧಿಕಾರಿಗಳಲ್ಲಿ ಒಬ್ಬರನ್ನು ಹೆಸರಿಸಿದರೆ ಸಾಕು. ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಪರಿಷತ್ತು ಪತ್ರಾಗಾರಿಕರಿಗಿಲ್ಲ.

ಶಿಕ್ಷೆ ವಿಧಿಸುವಷ್ಟು ಮುಖ್ಯವಾದ ಕೆಲಸಕ್ಕೆ ತರಬೇತಿಯ ಷರತ್ತೂ ಇರಲೇಬೇಕು. ನಿಮ್ಮ ಸಂಸ್ಥೆಯಲ್ಲೂ ಹಳೆ ಕಡತಗಳಿದ್ದರೆ, ಗುಜರಿಗೆ ಹಾಕುವ ಮೊದಲು ಬಲ್ಲವರೊಬ್ಬರನ್ನು ಕರೆಸಿ ತೋರಿಸಿ.