ಹಳದೀಪುರದ ಅರುಣಾ

ಇಂದು ನರ್ಸಿಂಗ್ ಪದವಿ ಪಡೆದ ಮಕ್ಕಳೇ, ಅವರನ್ನು ಓದಿಸಿದ ತಂದೆ ತಾಯಂದಿರೇ,

ಈ ವೇದಿಕೆಯಿಂದ ಒಂದು ಹೆಸರು ಹೇಳಲೇಬೇಕು: ಅರುಣಾ ಶಾನಭಾಗ. ಹೊನ್ನಾವರದ ಹತ್ತಿರದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಇಳಿದರು. ಅಲ್ಲಿ ಅವರ ಮೇಲೆ ಬಿದ್ದವನು ಹೊರಗಿನವನಲ್ಲ, ಅದೇ ಆಸ್ಪತ್ರೆಯ ಸ್ವಚ್ಛತಾ ನೌಕರ. ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಎಳೆದ, ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿತು. ಮರುದಿನ ಬೆಳಿಗ್ಗೆ 7.45ಕ್ಕೆ ಕಸ ಗುಡಿಸುವವರ ಕಣ್ಣಿಗೆ ಬೀಳುವವರೆಗೆ ಅವರು ರಕ್ತದಲ್ಲಿ ಬಿದ್ದೇ ಇದ್ದರು. ಆಸ್ಪತ್ರೆಯೊಳಗೇ ಇದ್ದ ಆ ಜೀವಕ್ಕೆ ಇಡೀ ರಾತ್ರಿ ಚಿಕಿತ್ಸೆ ಸಿಗಲಿಲ್ಲ.

ಅವನಿಗಾದ ಶಿಕ್ಷೆ ಏಳು ವರ್ಷ, ಅದೂ ಹಲ್ಲೆಗೆ ಮತ್ತು ಸುಲಿಗೆಗೆ. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ. ಅರುಣಾ ಹಾಸಿಗೆಯಲ್ಲೇ ಉಳಿದದ್ದು 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ.

ಅಷ್ಟು ವರ್ಷ ಅವರನ್ನು ನೋಡಿಕೊಂಡವರು ಕೆಇಎಂನ ನರ್ಸ್‌ಗಳು. ಒಂದು ತಂಡ ನಿವೃತ್ತಿಯಾದರೆ ಇನ್ನೊಂದು ತಂಡ ಬಂತು. ಮೈ ಒರೆಸಿದರು, ಮಗ್ಗುಲು ಬದಲಿಸಿದರು, ಊಟವನ್ನು ನುಣ್ಣಗೆ ಮಾಡಿ ಉಣಿಸಿದರು. ಕರಾವಳಿಯ ಹೆಣ್ಣುಮಗಳು, ಮೀನೆಂದರೆ ಅವರಿಗೆ ಇಷ್ಟ ಎಂಬುದನ್ನೂ ತಿಳಿದಿದ್ದರು. ದಶಕಗಳ ಕಾಲ ಮಲಗಿದ್ದರೂ ಅವರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬುದು 2011ರಲ್ಲಿ ಸುಪ್ರೀಂ ಕೋರ್ಟ್‌ನ ಮುಂದೆ ಬಂದ ಮಾತು. ಹಾಸಿಗೆ ಹುಣ್ಣು ತಡೆಯುವುದೆಂದರೆ ಎಷ್ಟು ಮೈಮುರಿಯುವ ದುಡಿಮೆ ಎಂದು ಈ ಸಭಾಂಗಣದಲ್ಲಿ ಕುಳಿತ ಪದವೀಧರರಿಗೆ ಬಿಡಿಸಿ ಹೇಳಬೇಕಿಲ್ಲ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ.ಕರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ಸುಪ್ರೀಂ ಕೋರ್ಟ್ ಅರುಣಾ ಪ್ರಕರಣವನ್ನು ಮತ್ತೆ ನೆನಪಿಸಿತು. ವೈದ್ಯಕೀಯ ಸಿಬ್ಬಂದಿಯ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅರ್ಧ ಶತಮಾನ ಕಳೆದರೂ ಅದೇ ಹೆಸರನ್ನು ಎತ್ತಬೇಕಾಗಿ ಬಂದದ್ದು ಸಂಕಟದ ಸಂಗತಿ.

ಇಂಥ ಪ್ರಕರಣಗಳು ಸುದ್ದಿಯಾಗುತ್ತವೆ, ದಿನನಿತ್ಯದ ಹಿಂಸೆ ಸುದ್ದಿಯಾಗುವುದಿಲ್ಲ. ಡಾಕ್ಟರ್ ಬರುವುದು ತಡವಾದರೆ, ಬಿಲ್ ಏರಿದರೆ, ರೋಗಿ ತೀರಿಕೊಂಡರೆ ಅವರ ಕಡೆಯವರ ಸಿಟ್ಟು ಮೊದಲು ಬೀಳುವುದು ನರ್ಸಿಂಗ್ ಸ್ಟೇಷನ್‌ನಲ್ಲಿ ನಿಂತ ಸಿಸ್ಟರ್ ಮೇಲೆ. ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ವೃತ್ತಿಜೀವನದಲ್ಲಿ ಒಮ್ಮೆಯಾದರೂ ಹಲ್ಲೆಗೆ ಒಳಗಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈಗುಳ, ಬೆದರಿಕೆ ಇದಕ್ಕೆ ಹೊರತು. ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ: ಮೊದಲಿಗೆ ಅದರಲ್ಲಿದ್ದದ್ದು ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ; ಅಪರಾಧ ಜಾಮೀನುರಹಿತ. ಆದರೆ ದೂರು ಬರೆದುಕೊಡದೆ ಕಾನೂನು ಕದಲುವುದಿಲ್ಲ. "ಹೋಗಲಿ ಬಿಡಮ್ಮ, ದುಃಖದಲ್ಲಿದ್ದರು" ಎನ್ನುವ ಮೇಲಿನವರ ಸಮಾಧಾನದಲ್ಲೇ ಎಷ್ಟೋ ದೂರುಗಳು ಸಾಯುತ್ತವೆ. ಇದು ತಪ್ಪು. ದುಃಖಕ್ಕೆ ಮರುಗಬಹುದು, ಎತ್ತಿದ ಕೈಯನ್ನು ಮನ್ನಿಸುವ ಹೊಣೆ ನರ್ಸ್‌ಗಳದ್ದಲ್ಲ.

ನಾಳೆ ಕೆಲಸಕ್ಕೆ ಸೇರುವವರು ಸಂಬಳ, ಶಿಫ್ಟ್ ವಿಚಾರಿಸುವಾಗಲೇ ಇನ್ನೊಂದನ್ನೂ ಕೇಳಲಿ: ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ?