ಮೇಲ್ಮನೆಯ ಬಾಗಿಲು ಯಾರಿಗೆ?



ರಾಣೆಬೆನ್ನೂರು ಕಡೆಯಿಂದ ಹರಿಹರಕ್ಕೆ ಹೋಗುವವರು ತುಂಗಭದ್ರೆಯನ್ನು ದಾಟುತ್ತಾರೆ. ಇಂದು ಈ ಹೊಳೆ ಎರಡು ಜಿಲ್ಲೆಗಳ ಗಡಿ. 1956ಕ್ಕೆ ಮೊದಲು ಎರಡು ಶಾಸನಸಭೆಗಳ ಗಡಿಯೂ ಇದೇ. ಧಾರವಾಡ ಜಿಲ್ಲೆಯಲ್ಲಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಕಾನೂನು ಬರುತ್ತಿದ್ದುದು ಮುಂಬಯಿಯಿಂದ. ಆಚೆ ದಡದ ಹರಿಹರಕ್ಕೆ ಮೈಸೂರಿನಿಂದ.

ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಅಹವಾಲು ಹೇಳಲು ಅಲ್ಲಿ ಅವಕಾಶವಿತ್ತು, ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅದಕ್ಕಾಗಿ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಮುಂಬಯಿಯಲ್ಲಿ 1862ರಿಂದಲೇ ಶಾಸನ ಪರಿಷತ್ತಿತ್ತು; ಅದರ ಸದಸ್ಯರು ಮೊದಲಿಗೆ ಸರ್ಕಾರ ನೇಮಿಸಿದವರೇ. 1935ರ ಕಾಯಿದೆ ಬ್ರಿಟಿಷ್ ಇಂಡಿಯಾದ 11 ಪ್ರಾಂತಗಳ ಪೈಕಿ ಮುಂಬಯಿ ಸೇರಿದಂತೆ ಆರಕ್ಕೆ ಎರಡು ಮನೆ ಕೊಟ್ಟಿತು. ಮೇಲ್ಮನೆಯ ಮತ ಬಹುಮಟ್ಟಿಗೆ ಆಸ್ತಿವಂತರ ಪಾಲಾಯಿತು. ಜನ ಆರಿಸಿದ ಕೆಳಮನೆ ಓಡತೊಡಗಿದರೆ ಲಗಾಮು ಹಿಡಿಯಲು ಉಳ್ಳವರಿರಲಿ ಎಂಬುದು ಲೆಕ್ಕಾಚಾರ. ಸಣ್ಣ ರೈತನಿಗೆ ಆ ಬಾಗಿಲು ತೆರೆದಿರಲಿಲ್ಲ.

ಸ್ವಾತಂತ್ರ್ಯದ ನಂತರ ಬಾಗಿಲು ಅಗಲವಾಯಿತು. ಕರ್ನಾಟಕ ವಿಧಾನ ಪರಿಷತ್ತಿನ ಸ್ಥಾನಗಳು 75. ಶಾಸಕರು 25 ಮಂದಿಯನ್ನು, ಸ್ಥಳೀಯ ಸಂಸ್ಥೆಗಳ ಸದಸ್ಯರು 25 ಮಂದಿಯನ್ನು ಆರಿಸುತ್ತಾರೆ. ಪದವೀಧರರು 7, ಶಿಕ್ಷಕರು 7. ಉಳಿದ 11 ಮಂದಿ ನಾಮಕರಣಗೊಂಡವರು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳಿಗೆ ಒಟ್ಟಾಗಿ ಎರಡು ಸ್ಥಾನ. ಈ ಮೂರಕ್ಕೆ ಉತ್ತರ ಕನ್ನಡ ಸೇರಿ ಪಶ್ಚಿಮ ಪದವೀಧರರ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರಗಳು.

ಆದರೆ ಹಳೆಯ ಮೆಟ್ಟಿಲೊಂದು ಉಳಿದಿದೆ. ಆಸ್ತಿಯಿದ್ದ ಜಾಗಕ್ಕೆ ಪದವಿ ಬಂದಿದೆ. ಬ್ಯಾಡಗಿಯಲ್ಲಿ ಪದವಿ ಪಡೆದು ಮೂರು ವರ್ಷ ಕಳೆದವರಿಗೆ ಈ ಮತವುಂಟು. ಅದೇ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತು ತರುವ ಓದದ ರೈತನಿಗೆ ಇಲ್ಲ. ಶಿಕ್ಷಕರ ಕ್ಷೇತ್ರದಲ್ಲಿ ಪ್ರೌಢಶಾಲೆ ಮತ್ತು ಮೇಲಿನ ಹಂತದವರಿಗೆ ಮತವಿದೆ, ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಮೇಷ್ಟ್ರಿಗಿಲ್ಲ.

ಹಾಗಾದರೆ ಈ ಮನೆಯೇ ಬೇಕೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 1922ರಲ್ಲಿ ಬೇಡವೆಂದಿತು. ನ್ಯೂಜಿಲೆಂಡ್ 1950ರಲ್ಲಿ, ಪಶ್ಚಿಮ ಬಂಗಾಳ 1969ರಲ್ಲಿ, ತಮಿಳುನಾಡು 1986ರಲ್ಲಿ ರದ್ದು ಮಾಡಿದವು. ಆಂಧ್ರಪ್ರದೇಶ 1985ರಲ್ಲಿ ಮುಚ್ಚಿ 2007ರಲ್ಲಿ ಮತ್ತೆ ತೆರೆಯಿತು. ಸೋತವರಿಗೆ ಹಿಂಬಾಗಿಲು ಎಂಬ ದೂರು ಎಲ್ಲ ಕಡೆಯೂ ಇದೆ. ಅವಸರದ ಮಸೂದೆಗೆ ಎರಡನೆಯ ಓದು ಸಿಗುತ್ತದೆಂಬ ಸಮರ್ಥನೆಯೂ ಇದೆ. ಅಧಿಕಾರವಂತೂ ಮಿತವಾದದ್ದು: ಹಣಕಾಸು ಮಸೂದೆಯನ್ನು 14 ದಿನ, ಇತರ ಮಸೂದೆಯನ್ನು ಎರಡು ಸುತ್ತಿನಲ್ಲಿ ಸುಮಾರು ನಾಲ್ಕು ತಿಂಗಳು ತಡೆಯಬಹುದು. ಕೊನೆಯ ಮಾತು ವಿಧಾನಸಭೆಯದೇ.

ಮನೆ ಇರುವವರೆಗೆ ಅದನ್ನು ಕಾಯುವ ಕೆಲಸ ಮತದಾರರದು. ಪದವೀಧರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಇದ್ದ ಹೆಸರು ತಾನಾಗಿ ಬರುವುದಿಲ್ಲ, ಅರ್ಜಿ ಕೊಡಲೇಬೇಕು. ಪದವಿ ಇಲ್ಲದ ರೈತನಿಗೂ ಒಂದು ದಾರಿಯುಂಟು. ಅವನು ಗೆಲ್ಲಿಸಿದ ಗ್ರಾಮ ಪಂಚಾಯಿತಿ ಸದಸ್ಯ ಮೇಲ್ಮನೆಯ ಮತದಾರ. ಮತಪತ್ರದಲ್ಲಿ ಯಾರ ಮುಂದೆ 1 ಎಂದು ಬರೆದೆ, ಯಾಕೆ ಬರೆದೆ ಎಂದು ಊರ ಕಟ್ಟೆಯ ಮೇಲೆ ಆ ಸದಸ್ಯನನ್ನು ಕೇಳಬಹುದು. ಮತ ಗುಟ್ಟಿನದು, ಅವನು ಹೇಳದಿರಬಹುದು. ಆದರೆ ಕೇಳುವವರಿದ್ದಾರೆಂದು ಗೊತ್ತಾದರೆ, ಮುಂದಿನ ಸಲ ಬರೆಯುವ ಕೈ ಒಂದು ಗಳಿಗೆ ಯೋಚಿಸೀತು.